ನಿಧಾನದ ದೋಣಿ: ಸಿಹಿನೀರಿನ ಟ್ರೋಲಿಂಗ್‌ಗೆ ಯಾವುದನ್ನು ಆರಿಸಬೇಕು, ಆರಿಸಿದ್ದನ್ನು ಹೇಗೆ ಕಾಪಾಡಬೇಕು

ಸಾಗುತ್ತಿರುವ ದೋಣಿಯ ಹಿಂದೆ ಗಾಳದ ದಾರವನ್ನು ಬಿಟ್ಟು, ಅದರ ತುದಿಗೆ ಕಟ್ಟಿದ ಲೂರ್ ಎಂಬ ಕೃತಕ ಆಮಿಷ ಈಜುವ ಮರಿಮೀನಿನಂತೆ ಕಾಣುವ ಹಾಗೆ ನಿಧಾನವಾಗಿ ಎಳೆದುಕೊಂಡು ಹೋಗುವ ವಿಧಾನವೇ ಟ್ರೋಲಿಂಗ್. ಸಮುದ್ರದಲ್ಲಿ ದೊಡ್ಡ ಬಲೆಯನ್ನು ಎಳೆಯುವ ಟ್ರಾಲಿಂಗ್‌ಗೂ ಇದಕ್ಕೂ ಹೆಸರು ಹತ್ತಿರವಾಗಿರುವುದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. ಇಲ್ಲಿ ಬಲೆಯಿಲ್ಲ; ಒಂದೆರಡು ದಾರ, ಒಂದೆರಡು ಲೂರ್, ಮತ್ತು ಗಂಟೆಗಟ್ಟಲೆ ಒಂದೇ ಸಮನೆ ನಡೆಯುವ ದೋಣಿ, ಇಷ್ಟೇ.

ಈ ಕೆಲಸಕ್ಕೆ ಸಲಕರಣೆ ಆರಿಸುವವರು ಸಾಮಾನ್ಯವಾಗಿ ಶಕ್ತಿಯನ್ನು ನೋಡಿ ಆರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನೋಡಬೇಕಾದದ್ದು ಎರಡೇ ಸಂಗತಿಗಳನ್ನು. ಗಾಳಿ ಬೀಸುವಾಗಲೂ ದೋಣಿಯನ್ನು ಗಂಟೆಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ ಅಲುಗದಂತೆ ಹಿಡಿದಿಡಲು ಈ ವಸ್ತು ನೆರವಾಗುತ್ತದೆಯೇ ಎಂಬುದು ಮೊದಲನೆಯದು; ಈ ವಸ್ತು ಬೇಡುವ ಆರೈಕೆಯನ್ನು ನಾವು ನಿಜವಾಗಿಯೂ ಮಾಡಬಲ್ಲೆವೇ ಎಂಬುದು ಎರಡನೆಯದು. ದೋಣಿಯ ಎಂಜಿನ್ನುಗಳು ಓಡುವುದಕ್ಕಾಗಿ ರೂಪುಗೊಂಡಿರುವುದರಿಂದ ತೆವಳಿಸಿದಾಗ ಅವು ಬೇರೆಯದೇ ರೀತಿಯಲ್ಲಿ ಸವೆಯುತ್ತವೆ. ಆದ್ದರಿಂದ ಟ್ರೋಲಿಂಗ್‌ನಲ್ಲಿ ಆಯ್ಕೆಯನ್ನೂ ಆರೈಕೆಯನ್ನೂ ಬೇರೆ ಬೇರೆ ಮಾಡಿ ಯೋಚಿಸಲು ಬರುವುದಿಲ್ಲ.

ಮೊದಲು ವೇಗ

ಯಾವ ಮೀನನ್ನು ಬಯಸುತ್ತೀರಿ ಎಂಬುದು ವೇಗವನ್ನು ನಿರ್ಧರಿಸುತ್ತದೆ, ಆ ವೇಗ ಮೋಟಾರನ್ನು ನಿರ್ಧರಿಸುತ್ತದೆ. ತಣ್ಣನೆಯ ನೀರಿನಲ್ಲಿ ಉತ್ತರ ಅಮೆರಿಕದ ವಾಲೈ (walleye) ಮೀನು ಗಂಟೆಗೆ 2 ಕಿಲೋಮೀಟರ್ ಆಸುಪಾಸಿನ ಮಂದಗತಿಯನ್ನು ಇಷ್ಟಪಡುತ್ತದೆ, ಟ್ರೌಟ್‌ಗೆ 2.5ರಿಂದ 4 ಕಿಲೋಮೀಟರ್ ಹೊಂದುತ್ತದೆ. ಪೈಕ್‌ನಂತಹ ದೊಡ್ಡ ಬೇಟೆಗಾರ ಮೀನುಗಳು 5 ಕಿಲೋಮೀಟರಿಗೂ ಹೆಚ್ಚಿನ ವೇಗದ ಲೂರನ್ನು ಬೆನ್ನಟ್ಟುತ್ತವೆ. ಇವು ಆರಂಭದ ಅಂಕಿಗಳು ಮಾತ್ರ. ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವನ್ನೇ ಹೊರತು ನೀರಿಗೆ ಹೋಲಿಸಿದ ವೇಗವನ್ನಲ್ಲ. ಹರಿವಿಗೆ ಎದುರಾಗಿ ಹೋಗುವಾಗ ಮತ್ತು ಹರಿವಿನ ಜೊತೆಗೆ ಹೋಗುವಾಗ ಪರದೆಯ ಮೇಲೆ ಒಂದೇ ಅಂಕಿ ಕಂಡರೂ ಲೂರ್ ಮಾತ್ರ ಎರಡು ಬೇರೆ ವೇಗಗಳಲ್ಲಿ ಈಜುತ್ತಿರುತ್ತದೆ. ಆದ್ದರಿಂದ ದಾರ ಬಿಡುವ ಮುನ್ನ ಲೂರನ್ನು ದೋಣಿಯ ಪಕ್ಕದಲ್ಲೇ ನೀರಿಗಿಳಿಸಿ, ಅದು ಸರಿಯಾಗಿ ತೊನೆಯುತ್ತಿದೆಯೇ, ಒಂದು ಬದಿಗೆ ವಾಲುತ್ತಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳುವುದು ಯಾವ ಉಪಕರಣಕ್ಕಿಂತಲೂ ಹೆಚ್ಚು ಭರವಸೆಯ ಪರೀಕ್ಷೆ.

ನೇರವಾಗಿ ಸಾಗುವ ಬದಲು ಹಾವಿನಂತೆ ಬಳುಕಿ ಸಾಗಿದರೆ ಇನ್ನೊಂದು ಲಾಭವಿದೆ. ತಿರುವಿನಲ್ಲಿ ಹೊರಬದಿಯ ಲೂರ್ ವೇಗ ಪಡೆಯುತ್ತದೆ, ಒಳಬದಿಯದು ನಿಧಾನಗೊಂಡು ಕೆಳಗಿಳಿಯುತ್ತದೆ. ಮೀನು ಪದೇ ಪದೇ ಹೊರಬದಿಯ ದಾರಕ್ಕೇ ಬೀಳುತ್ತಿದ್ದರೆ ವೇಗ ಹೆಚ್ಚಿಸಬೇಕು, ಒಳಬದಿಗೆ ಬೀಳುತ್ತಿದ್ದರೆ ತಗ್ಗಿಸಬೇಕು.

ದೋಣಿಯನ್ನು ನಡೆಸುವ ನಾಲ್ಕು ದಾರಿಗಳು

ಹುಟ್ಟು ಹಾಕುವುದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. ಫಿನ್ಲೆಂಡಿನ ಲೌರಿ ರಾಪಾಲಾ ಅವರು ಪೈಯೆನ್ನೆ ಸರೋವರದಲ್ಲಿ ಹುಟ್ಟು ಹಾಕುತ್ತಲೇ ಗಾಳ ಎಳೆಯುತ್ತಿದ್ದವರು. ಗಾಯಗೊಂಡ ಮರಿಮೀನಿನ ಓಲಾಟವನ್ನು ಅನುಕರಿಸುವ ಲೂರನ್ನು ಅವರು 1936ರಲ್ಲಿ ಕೈಯಿಂದ ಕೆತ್ತಿದ್ದು ಇಂತಹ ಮೀನುಗಾರಿಕೆಗಾಗಿಯೇ. ಹುಟ್ಟಿನ ಪ್ರತಿ ಎಳೆತಕ್ಕೂ ಲೂರ್ ಒಮ್ಮೆ ಮುನ್ನುಗ್ಗಿ ಮತ್ತೆ ಮಂದವಾಗುತ್ತದೆ. ಈ ಏರಿಳಿತವನ್ನು ಮೋಟಾರು ತಾನಾಗಿ ಕೊಡುವುದಿಲ್ಲ. ಚಿಕ್ಕ ಕೆರೆ, ಹಗುರ ದೋಣಿ, ಒಬ್ಬಿಬ್ಬರು ಜನ ಎಂದಾದರೆ ಇದಕ್ಕಿಂತ ಕಡಿಮೆ ಆರೈಕೆ ಬೇಡುವ ದಾರಿ ಮತ್ತೊಂದಿಲ್ಲ. ಗಾಳಿ ಎದ್ದಾಗ ಮಾತ್ರ ತೋಳುಗಳ ಮಿತಿ ಬೇಗ ಗೊತ್ತಾಗುತ್ತದೆ.

ವಿದ್ಯುತ್ ಟ್ರೋಲಿಂಗ್ ಮೋಟಾರಿನ ಗುಣ ಅದರ ಮೌನ ಮತ್ತು ವೇಗದ ಮೇಲಿನ ಸೂಕ್ಷ್ಮ ಹಿಡಿತ. ತಳ್ಳುಬಲವನ್ನು ತಯಾರಕರು ಪೌಂಡ್‌ಗಳಲ್ಲಿ ನಮೂದಿಸುತ್ತಾರೆ. ಜನ, ಇಂಧನ, ಸಾಮಾನು ಎಲ್ಲ ಸೇರಿದ ದೋಣಿಯ ತೂಕದ ಶೇಕಡಾ 2ರಷ್ಟಾದರೂ ತಳ್ಳುಬಲ ಇರಬೇಕೆಂಬುದು ರೂಢಿಯ ಲೆಕ್ಕ. ಅಂದರೆ 700 ಕಿಲೋ ತೂಗುವ ದೋಣಿಗೆ 14 ಕಿಲೋ, ಸರಿಸುಮಾರು 31 ಪೌಂಡ್. ಇದು ಶಾಂತ ನೀರಿನ ಲೆಕ್ಕವಾದ್ದರಿಂದ, ತೆರೆದ ಸರೋವರದಲ್ಲಿ ತಿರುಗುವವರು ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳುವುದು ಒಳ್ಳೆಯದು. 12 ವೋಲ್ಟ್ ಮೋಟಾರುಗಳು ಸಾಮಾನ್ಯವಾಗಿ 55 ಪೌಂಡಿನವರೆಗೆ ಸಿಗುತ್ತವೆ; ಅದಕ್ಕೂ ಮೇಲೆ ಬೇಕಾದರೆ 24 ಅಥವಾ 36 ವೋಲ್ಟ್, ಅಂದರೆ ಎರಡು ಅಥವಾ ಮೂರು ಬ್ಯಾಟರಿಗಳ ಹೊರೆ.

ಈ ಮೋಟಾರಿನಲ್ಲಿಯೇ ಇನ್ನೆರಡು ಆಯ್ಕೆಗಳಿವೆ. ಐದು ಹಂತಗಳ ಹಳೆಯ ಮಾದರಿಯು ಕಡಿಮೆ ವೇಗದಲ್ಲಿ ಉಳಿದ ವಿದ್ಯುತ್ತನ್ನು ರೋಧಕ ಸುರುಳಿಗಳಲ್ಲಿ ಶಾಖವಾಗಿ ಕಳೆದುಬಿಡುತ್ತದೆ. ಕರೆಂಟನ್ನು ಕ್ಷಣಕ್ಷಣಕ್ಕೂ ಕಡಿದು ಕೊಡುವ ಹೊಸ ನಿಯಂತ್ರಕದ ಮಾದರಿಯು ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಇಡೀ ದಿನ ಮಂದಗತಿಯಲ್ಲೇ ಕಳೆಯುವ ಟ್ರೋಲಿಂಗ್‌ಗೆ ಈ ವ್ಯತ್ಯಾಸ ದೊಡ್ಡದು, ಹೆಚ್ಚಿನ ಹಣಕ್ಕೆ ತಕ್ಕುದು. ಇನ್ನು ಮೋಟಾರನ್ನು ದೋಣಿಯ ಮೂತಿಗೆ ಕೂರಿಸಬೇಕೋ ಹಿಂಬದಿಗೋ ಎಂಬ ಪ್ರಶ್ನೆಗೆ ನನ್ನ ಉತ್ತರ ಮೂತಿಗೇ ಎಂಬುದು. ಹಿಂದಿನಿಂದ ತಳ್ಳಿದ ದೋಣಿಯ ಮೂತಿಯನ್ನು ಗಾಳಿ ಸುಲಭವಾಗಿ ಪಕ್ಕಕ್ಕೆ ತಿರುಗಿಸುತ್ತದೆ; ಮುಂದಿನಿಂದ ಎಳೆದ ದೋಣಿ ದಾರಿಯನ್ನು ಹಿಡಿದು ಬರುತ್ತದೆ. ಹಿಂಬದಿಯ ಮಾದರಿ ಅಗ್ಗ, ಸರಳ, ಬಿಚ್ಚಿಡಲು ಹಗುರ. ಆಶ್ರಯವಿರುವ ಸಣ್ಣ ನೀರಿಗೆ ಅಷ್ಟು ಸಾಕು.

ಮೂರನೆಯದು, ಮುಖ್ಯ ಎಂಜಿನ್ ಪಕ್ಕದಲ್ಲಿ ಕೂರಿಸುವ ಚಿಕ್ಕ ಪೆಟ್ರೋಲ್ ಎಂಜಿನ್. ಐದರಿಂದ ಹತ್ತು ಅಶ್ವಶಕ್ತಿಯ ಇಂತಹ ಎಂಜಿನ್ ದಿನವಿಡೀ ಓಡುತ್ತದೆ, ಮುಖ್ಯ ಎಂಜಿನ್ ಕೈಕೊಟ್ಟ ದಿನ ದಡಕ್ಕೂ ತಲುಪಿಸುತ್ತದೆ. ದೊಡ್ಡ ಸರೋವರಗಳಲ್ಲಿ ದಡದಿಂದ ದೂರ ಹೋಗುವವರಿಗೆ ಈ ಎರಡನೆಯ ಕಾರಣವೊಂದೇ ಸಾಕು. ಆದರೆ ಅದರ ತೂಕ ಟ್ರಾನ್ಸಮ್ ಎಂಬ ಹಿಂಬದಿ ಹಲಗೆಯ ಒಂದೇ ಬದಿಗೆ ಬೀಳುತ್ತದೆ; ಬ್ಯಾಟರಿಯನ್ನೋ ಇಂಧನದ ಕ್ಯಾನನ್ನೋ ಎದುರು ಬದಿಗೆ ಸರಿಸಿ ಸರಿದೂಗಿಸಬೇಕಾಗುತ್ತದೆ.

ನಾಲ್ಕನೆಯದು, ಇರುವ ಮುಖ್ಯ ಎಂಜಿನ್ನನ್ನೇ ಕನಿಷ್ಠ ವೇಗದಲ್ಲಿ ಓಡಿಸುವುದು. ಹೊಸ ಖರ್ಚಿಲ್ಲ, ಆದರೆ ದೊಡ್ಡ ಎಂಜಿನ್ ಗೇರಿಗೆ ಬಿದ್ದ ಕೂಡಲೇ ಬೇಕಾದದ್ದಕ್ಕಿಂತ ವೇಗವಾಗಿ ನುಗ್ಗುತ್ತದೆ. ಇದನ್ನು ತಡೆಯಲು ಪ್ರೊಪೆಲ್ಲರಿನ ಹಿಂದೆ ಇಳಿಬಿಡುವ ತಡೆತಟ್ಟೆ ಒಂದು ಉಪಾಯ, ನೀರಿನಲ್ಲಿ ಎಳೆಯುವ ಬಟ್ಟೆಯ ಚೀಲ ಇನ್ನೊಂದು. ತಟ್ಟೆಯನ್ನು ಎತ್ತಲು ಮರೆತು ಪೂರ್ತಿ ವೇಗ ಕೊಟ್ಟರೆ ಅದು ಮುರಿಯುತ್ತದೆ. ಹೀಗಾಗಿ ನನಗೆ ಚೀಲವೇ ಇಷ್ಟ, ಏಕೆಂದರೆ ಅದು ವೇಗವನ್ನು ತಗ್ಗಿಸುವುದಲ್ಲದೆ ಅಲೆಗಳಲ್ಲಿ ದೋಣಿಯನ್ನು ನೆಟ್ಟಗೆ ಹಿಡಿಯುತ್ತದೆ. ಅದರ ಹಗ್ಗ, ಚೀಲದ ಉದ್ದವನ್ನೂ ಸೇರಿಸಿ, ಕಟ್ಟಿದ ಜಾಗದಿಂದ ಪ್ರೊಪೆಲ್ಲರಿನವರೆಗಿನ ಅಂತರಕ್ಕಿಂತ ಕಡ್ಡಾಯವಾಗಿ ಗಿಡ್ಡವಾಗಿರಬೇಕು.

ಪೆಟ್ರೋಲ್ ಎಂಜಿನ್ ಯಾವುದೇ ಆಗಿರಲಿ, ಗಾಳಿ ಹಿಂದಿನಿಂದ ಬೀಸುವಾಗ ಮಂದಗತಿಯ ಹೊಗೆ ದೋಣಿಯೊಳಕ್ಕೇ ಮರಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಅಥವಾ ಓಕರಿಕೆ ಕಾಣಿಸಿದರೆ ಬಿಸಿಲಿನ ಮೇಲೆ ಹೊರಿಸದೆ ಕೂಡಲೇ ದಿಕ್ಕು ಬದಲಿಸಿ ಗಾಳಿಗೆ ಮುಖ ಕೊಡಬೇಕು.

ಮಂದಗತಿ ಎಂಜಿನ್ನಿಗೆ ಮಾಡುವ ಹಾನಿ

ಎರಡು ಸ್ಟ್ರೋಕಿನ ಎಂಜಿನ್ ಹಗುರ, ಅದರ ರಚನೆ ಸರಳ. ಆದರೆ ಪೆಟ್ರೋಲಿನ ಜೊತೆಗೆ ಆಯಿಲ್ ಕೂಡ ಉರಿಯುವುದರಿಂದ ಗಂಟೆಗಟ್ಟಲೆ ಮಂದವಾಗಿ ಓಡಿಸಿದಾಗ ಸ್ಪಾರ್ಕ್ ಪ್ಲಗ್ ಮಸಿಗಟ್ಟುತ್ತದೆ. ಇದನ್ನು ಇಟ್ಟುಕೊಂಡವರು ಹೊಸ ಪ್ಲಗ್ಗುಗಳನ್ನೂ ಪ್ಲಗ್ ಪಾನಾವನ್ನೂ ದೋಣಿಯಲ್ಲೇ ಇಡಬೇಕು. ನಾಲ್ಕು ಸ್ಟ್ರೋಕಿನದು ಟ್ರೋಲಿಂಗ್‌ಗೆ ಹೆಚ್ಚು ಹೊಂದುತ್ತದೆ: ಸದ್ದು ಕಡಿಮೆ, ಹೊಗೆ ಕಡಿಮೆ, ನಿಧಾನದಲ್ಲೂ ನಡುಗದ ಓಟ. ಅದಕ್ಕೂ ಒಂದು ದೋಷವಿದೆ. ತಣ್ಣನೆಯ ನೀರಿನಲ್ಲಿ ಎಂಜಿನ್ ಸಾಕಷ್ಟು ಕಾಯದೆ ಮಂದವಾಗಿಯೇ ಓಡುತ್ತಿದ್ದರೆ ಉರಿಯದ ಪೆಟ್ರೋಲ್ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಕೆಳಗಿನ ಆಯಿಲಿಗೆ ಬೆರೆಯುತ್ತದೆ. ಅಳತೆಕಡ್ಡಿಯನ್ನು ತೆಗೆದು ನೋಡಿದಾಗ ಆಯಿಲಿನ ಮಟ್ಟ ಇಳಿಯುವ ಬದಲು ಏರಿದ್ದರೆ, ಅದರಲ್ಲಿ ಪೆಟ್ರೋಲಿನ ವಾಸನೆ ಬಂದರೆ, ಸಂತೋಷಪಡುವ ಬದಲು ಆಯಿಲ್ ಬದಲಿಸಿ. ಎರಡೂ ಬಗೆಯ ಎಂಜಿನ್ನುಗಳಿಗೆ ಮದ್ದು ಒಂದೇ: ದಿನದ ಕೊನೆಗೆ ದಾರಗಳನ್ನೆಲ್ಲ ಸುತ್ತಿಟ್ಟ ಮೇಲೆ ಹತ್ತು ನಿಮಿಷ ಒಳ್ಳೆಯ ವೇಗದಲ್ಲಿ ಓಡಿಸಿ ಅದನ್ನು ಚೆನ್ನಾಗಿ ಕಾಯಿಸುವುದು.

ಅತಿ ಹೆಚ್ಚು ಕಡೆಗಣಿಸಲ್ಪಡುವ ಶತ್ರು ನಮ್ಮದೇ ಗಾಳದ ದಾರ. ಒಂದು ವರ್ಷ ಗೇರ್ ಆಯಿಲ್ ಬದಲಿಸಲು ತಳದ ಬೋಲ್ಟನ್ನು ಬಿಚ್ಚಿದಾಗ ಹಾಲಿನಂತೆ ಬೆಳ್ಳಗಾದ ಆಯಿಲ್ ಇಳಿಯಿತು. ಪ್ರೊಪೆಲ್ಲರ್ ತೆಗೆದು ನೋಡಿದರೆ ಯಾವಾಗಲೋ ಸುತ್ತಿಕೊಂಡಿದ್ದ ದಾರ ಶಾಫ್ಟಿನ ಸೀಲನ್ನು ಕೊರೆದು ನೀರಿಗೆ ದಾರಿ ಮಾಡಿತ್ತು. ಆ ದಾರವನ್ನು ಬಿಡಿಸಲು ಐದು ನಿಮಿಷ ಸಾಕಿತ್ತು, ಸೀಲು ಮತ್ತು ಬೇರಿಂಗುಗಳನ್ನು ಹೊಸದಾಗಿ ಹಾಕಿಸಲು ವಾರಗಳು ಹಿಡಿದವು. ಅಂದಿನಿಂದ ಪ್ರತಿ ಕೆಲವು ಓಟಗಳಿಗೊಮ್ಮೆ ಪ್ರೊಪೆಲ್ಲರಿನ ನಟ್ಟು ಬಿಚ್ಚಿ ನೋಡುತ್ತೇನೆ. ವಿದ್ಯುತ್ ಮೋಟಾರಿಗೂ ಇದೇ ಅಪಾಯವಿದೆ; ಅಲ್ಲಿ ಸೀಲು ಕೆಟ್ಟರೆ ನೀರು ನೇರವಾಗಿ ಮೋಟಾರಿನ ಒಳಕ್ಕೇ ಇಳಿಯುತ್ತದೆ.

ಗೇರ್ ಆಯಿಲನ್ನು 100 ಗಂಟೆಗಳ ಓಟಕ್ಕೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಬೇಕು. ಹೊಸ ಆಯಿಲನ್ನು ಮೇಲಿನಿಂದ ಸುರಿಯದೆ ಕೆಳಗಿನ ತೂತಿನಿಂದಲೇ ಪಂಪ್ ಮಾಡಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದ ಆಯಿಲ್ ಹೊರಬರುವವರೆಗೆ ತುಂಬಿದರೆ ಒಳಗೆ ಗಾಳಿ ಉಳಿಯುವುದಿಲ್ಲ. ತಂಪಿನ ನೀರನ್ನು ಎತ್ತುವ ಇಂಪೆಲರ್ ರಬ್ಬರಿನದಾದ್ದರಿಂದ ಬಳಕೆ ಕಡಿಮೆಯಿದ್ದರೂ ಗಡಸಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೊಸದನ್ನು ಹಾಕುವುದು ರೂಢಿ. ಎಂಜಿನ್ನಿನಿಂದ ಚಿಮ್ಮುವ ತೆಳುವಾದ ನೀರಿನ ಧಾರೆ ಸೊರಗಿದರೆ ಕೂಡಲೇ ನಿಲ್ಲಿಸಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತರೆ ಅದರ ನೀರು ಮತ್ತು ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಆದ್ದರಿಂದ ದೀರ್ಘಕಾಲ ನಿಲ್ಲಿಸುವ ಮುನ್ನ ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬುರೇಟರಿನವರೆಗೂ ತಲುಪುವಂತೆ ಕೆಲವು ನಿಮಿಷ ಓಡಿಸಿ.

ಬ್ಯಾಟರಿ: ಸೀಸವೋ ಲಿಥಿಯಮ್ಮೋ

ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಟ್ರೋಲಿಂಗ್‌ಗೆ ಬಳಸಬಾರದು. ಅದರ ತೆಳು ತಟ್ಟೆಗಳು ಕ್ಷಣಕಾಲ ಹೆಚ್ಚು ಕರೆಂಟು ಕೊಡಲೆಂದು ಮಾಡಿದವು, ಆಳವಾಗಿ ಖಾಲಿಯಾಗುವುದನ್ನು ಸಹಿಸವು. ಇಲ್ಲಿ ಬೇಕಾದದ್ದು ಆಳವಾಗಿ ಖಾಲಿ ಮಾಡಿ ಮತ್ತೆ ಚಾರ್ಜ್ ಮಾಡಲೆಂದೇ ರೂಪಿಸಿದ ಡೀಪ್ ಸೈಕಲ್ ಬ್ಯಾಟರಿ. ಅವುಗಳಲ್ಲೂ ಸೀಸದ್ದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಸ್ಸು ಕರಗುತ್ತದೆ. 100 ಆಂಪ್-ಅವರ್ ಬ್ಯಾಟರಿಯಿಂದ 20 ಆಂಪ್ ಎಳೆಯುವ ಮೋಟಾರನ್ನು ನಡೆಸಿದರೆ ಸೀಸದ್ದು ಎರಡೂವರೆ ಗಂಟೆಗೆ ಆ ಗೆರೆಯನ್ನು ಮುಟ್ಟುತ್ತದೆ. ಅದೇ ಗಾತ್ರದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ ಶೇಕಡಾ 80ರಿಂದ 90ರಷ್ಟನ್ನು ತೆಗೆಯಬಹುದಾದ್ದರಿಂದ ನಾಲ್ಕು ಗಂಟೆಗೂ ಹೆಚ್ಚು ಕಾಲ ಸಾಗಬಹುದು. ಅದರ ತೂಕವೂ ಸೀಸದ್ದಕ್ಕಿಂತ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ, ಮತ್ತು ಕೊನೆಯವರೆಗೂ ವೋಲ್ಟೇಜ್ ಹೆಚ್ಚು ಕುಸಿಯದ ಕಾರಣ ಮಧ್ಯಾಹ್ನದ ವೇಗ ಬೆಳಗಿನ ವೇಗದಂತೆಯೇ ಇರುತ್ತದೆ. ವೇಗವೇ ಜೀವಾಳವಾದ ಟ್ರೋಲಿಂಗ್‌ನಲ್ಲಿ ಈ ಕೊನೆಯ ಗುಣಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಆದರೂ ವರ್ಷಕ್ಕೆ ಆರೇಳು ಬಾರಿ ಮಾತ್ರ ನೀರಿಗಿಳಿಯುವವರಿಗೆ ಸೀಸದ ಬ್ಯಾಟರಿ ತಪ್ಪು ಆಯ್ಕೆಯಲ್ಲ. ಅದನ್ನು ಮರಳಿದ ದಿನವೇ ಪೂರ್ತಿ ಚಾರ್ಜ್ ಮಾಡಬೇಕು; ಖಾಲಿಯಾಗಿ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟುತ್ತದೆ. ನೀರು ತುಂಬುವ ಮಾದರಿಗೆ ಚಾರ್ಜ್ ಆದ ನಂತರ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಡುವುದರಿಂದ ಗಾಳಿಯಾಡುವ ಜಾಗದಲ್ಲಿಡಬೇಕು. ಪೂರ್ತಿ ಚಾರ್ಜ್ ಆದದ್ದು ಕೆಲವು ಗಂಟೆ ವಿಶ್ರಾಂತಿಯ ನಂತರ 12.6 ವೋಲ್ಟಿನ ಸುಮಾರಿಗೆ ನಿಲ್ಲುತ್ತದೆ, 12.1ಕ್ಕೆ ಬಂದಿದ್ದರೆ ಅರ್ಧ ಖಾಲಿ ಎಂದರ್ಥ. ಲಿಥಿಯಂ ಇಟ್ಟುಕೊಂಡವರು ಅದಕ್ಕೆಂದೇ ಇರುವ ಚಾರ್ಜರ್ ಬಳಸಬೇಕು, 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು, ದೀರ್ಘಕಾಲ ಇಡುವಾಗ ಅರ್ಧ ಚಾರ್ಜಿನಲ್ಲಿ ಇಡಬೇಕು.

ಲೂರನ್ನು ಆಳಕ್ಕಿಳಿಸುವ ಬಗೆ

ಬೇಸಿಗೆಯಲ್ಲಿ ಆಳವಾದ ಸರೋವರಗಳ ನೀರು ಪದರಗಳಾಗಿ ನಿಲ್ಲುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಾಂದ್ರತೆ ಅತಿ ಹೆಚ್ಚಾದ್ದರಿಂದ ತಣ್ಣನೆಯದು ತಳದಲ್ಲಿ, ಬೆಚ್ಚನೆಯದು ಮೇಲೆ. ನಡುವೆ ಉಷ್ಣತೆ ಥಟ್ಟನೆ ಇಳಿಯುವ ಥರ್ಮೋಕ್ಲೈನ್. ತಂಪನ್ನು ಬಯಸುವ ಟ್ರೌಟ್ ಈ ಪದರದ ಆಸುಪಾಸಿನಲ್ಲಿ ಸೇರುತ್ತದೆ. ಪಾಚಿ ಹೆಚ್ಚಿರುವ ನೀರಿನಲ್ಲಿ ಅದರ ಕೆಳಗೆ ಆಮ್ಲಜನಕ ಸೊರಗುವುದರಿಂದ, ಅಲ್ಲಿ ಇನ್ನೂ ಆಳಕ್ಕೆ ಇಳಿಸಿ ಪ್ರಯೋಜನವಿಲ್ಲ.

ಮೂತಿಯಲ್ಲಿ ಪ್ಲಾಸ್ಟಿಕ್ ತುಟಿಯಿರುವ, ತಾನೇ ಮುಳುಗುವ ಲೂರ್ ಅತ್ಯಂತ ಸುಲಭದ ದಾರಿ. ಎಷ್ಟು ದಾರ ಬಿಟ್ಟಿದ್ದೀರಿ, ದಾರ ಎಷ್ಟು ತೆಳು ಎಂಬುದರ ಮೇಲೆ ಅದರ ಆಳ ನಿಂತಿದೆ; ದೋಣಿಯ ವೇಗ ಸ್ವಲ್ಪ ಏರುಪೇರಾದರೆ ಅದು ಹೆಚ್ಚೇನೂ ಕದಲುವುದಿಲ್ಲ. ಒಳಗೆ ಸೀಸದ ಎಳೆಯಿರುವ ಲೆಡ್-ಕೋರ್ ದಾರದ ಸ್ವಭಾವ ಇದಕ್ಕೆ ತದ್ವಿರುದ್ಧ: ಅದು ತೂಕದಿಂದ ಇಳಿಯುವುದರಿಂದ ವೇಗ ಹೆಚ್ಚಿದೊಡನೆ ಮೇಲಕ್ಕೇಳುತ್ತದೆ, ತಗ್ಗಿದೊಡನೆ ಇಳಿಯುತ್ತದೆ. ಪ್ರತಿ 10 ಗಜಕ್ಕೆ, ಅಂದರೆ ಸುಮಾರು 9 ಮೀಟರಿಗೆ, ಅದರ ಬಣ್ಣ ಬದಲಾಗುತ್ತದೆ. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಒಂದು ಬಣ್ಣಕ್ಕೆ ಒಂದೂವರೆ ಮೀಟರ್ ಆಳ ಎಂದು ಲೆಕ್ಕ ಹಿಡಿಯುವುದುಂಟು. ಇದಕ್ಕೆ ದೊಡ್ಡ ರೀಲ್ ಬೇಕು, ಚಿಕ್ಕ ಮೀನಿನ ಎಳೆತ ಕೈಗೆ ಮಂಕಾಗಿ ತಲುಪುತ್ತದೆ.

ಆಳದ ಖಚಿತತೆಯಲ್ಲಿ ಡೌನ್‌ರಿಗ್ಗರ್‌ಗೆ ಸಾಟಿಯಿಲ್ಲ. ನಾಲ್ಕೈದು ಕಿಲೋ ತೂಕದ ಗುಂಡನ್ನು ಉಕ್ಕಿನ ತಂತಿಯಿಂದ ಇಳಿಸಿ, ಗಾಳದ ದಾರವನ್ನು ಅದಕ್ಕೊಂದು ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ. ಮೀನು ಕಚ್ಚಿದೊಡನೆ ದಾರ ಕ್ಲಿಪ್ಪಿನಿಂದ ಕಳಚಿ, ಆಮೇಲಿನ ಹೋರಾಟ ಬರಿಯ ದಾರದ ಮೇಲೆ ನಡೆಯುತ್ತದೆ. ಅದಕ್ಕೆ ಗಟ್ಟಿಯಾದ ತಳಪಾಯ ಬೇಕು, ತಳದಲ್ಲಿ ಮುಳುಗಿದ ಮರಗಳಿರುವ ಜಲಾಶಯದಲ್ಲಿ ಗುಂಡು ಸಿಕ್ಕಿಬೀಳುತ್ತದೆ, ತಂತಿ ಎಲ್ಲಾದರೂ ಮಡಚಿ ಎಳೆಬಿಟ್ಟಿದ್ದರೆ ಆ ಭಾಗವನ್ನು ಕತ್ತರಿಸಿ ತುದಿಯನ್ನು ಹೊಸದಾಗಿ ಕಟ್ಟಬೇಕು. ಹತ್ತು ಮೀಟರಿಗಿಂತ ಆಳಕ್ಕೆ ಆಗಾಗ ಇಳಿಯುವವರಿಗೆ ನಾನು ಇದನ್ನು ಹೇಳುತ್ತೇನೆ. ಉಳಿದವರಿಗೆ ಮುಳುಗುವ ಲೂರ್ ಮತ್ತು ಬಿಟ್ಟ ದಾರವನ್ನು ಎಣಿಸುವ ರೀಲ್ ಸಾಕು. ತಿಳಿನೀರಿನ ಆಳವಿಲ್ಲದ ಕಡೆ ದೋಣಿಗೆ ಬೆದರುವ ಮೀನಿಗಾಗಿ, ದಾರವನ್ನು ಪಕ್ಕಕ್ಕೆ ದೂರ ಒಯ್ಯುವ ಪ್ಲೇನರ್ ಬೋರ್ಡ್ ಇವೆಲ್ಲಕ್ಕಿಂತ ಉಪಯುಕ್ತ.

ದಾರದ ವಿಷಯದಲ್ಲಿ ನೈಲಾನಿನ ಮಾನೋಫಿಲಮೆಂಟ್ ಹಿಗ್ಗುತ್ತದೆ, ಹೆಣೆದ ಬ್ರೇಡ್ ಬಹುಪಾಲು ಹಿಗ್ಗುವುದಿಲ್ಲ. ಮೀನು ಬಿಗಿದ ದಾರಕ್ಕೆ ಎರಗುವ ಟ್ರೋಲಿಂಗ್‌ನಲ್ಲಿ ಹಿಗ್ಗುವಿಕೆ ಒಂದು ರಕ್ಷಣೆ. ಕೊಕ್ಕೆ ಬಾಯಿಂದ ಕಿತ್ತುಬರದಂತೆ ಅದು ಹೊಡೆತವನ್ನು ಹೀರುತ್ತದೆ. ಬ್ರೇಡ್ ತೆಳುವಾದ್ದರಿಂದ ಲೂರ್ ಹೆಚ್ಚು ಆಳಕ್ಕೆ ಹೋಗುತ್ತದೆ, ಲೂರಿಗೆ ಕಳೆ ಸಿಕ್ಕಿಕೊಂಡರೆ ರಾಡಿನ ತುದಿಯ ನಡುಕ ನಿಂತು ಅಲ್ಲಿಯೇ ತಿಳಿಯುತ್ತದೆ. ಆದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತ, ಅಂದರೆ ಡ್ರ್ಯಾಗ್, ಸಡಿಲವಾಗಿರಲೇಬೇಕು. ಮಾನೋವನ್ನು ಬಿಸಿಲು ಹಾಳುಮಾಡುವುದರಿಂದ ಋತುವಿಗೊಮ್ಮೆ ಬದಲಿಸಿ. ಬ್ರೇಡನ್ನು ರೀಲಿನಲ್ಲಿ ತಿರುಗಿಸಿ ಸುತ್ತಿ ಇನ್ನಷ್ಟು ಕಾಲ ಬಳಸಬಹುದು.

ದೋಣಿಯ ಒಡಲು

ಅಲ್ಯೂಮಿನಿಯಂ ಹಗುರ, ಕಲ್ಲಿನ ದಡಕ್ಕೆ ತಾಗಿದರೂ ಹೆಚ್ಚೆಂದರೆ ತಗ್ಗು ಬೀಳುತ್ತದೆ. ಆದರೆ ಹಗುರವಾದ್ದರಿಂದಲೇ ಗಾಳಿಗೆ ಬೇಗ ಸರಿಯುತ್ತದೆ. ಫೈಬರ್ ಗ್ಲಾಸ್ ಭಾರ. ಅಲೆಗಳಲ್ಲಿ ದಾರಿ ಬಿಡದೆ ಸಾಗುತ್ತದೆ, ಬಂಡೆಗೆ ಉಜ್ಜಿದರೆ ಜೆಲ್‌ಕೋಟ್ ಎಂಬ ಹೊರಪದರ ಸೀಳುತ್ತದೆ. ಟ್ರೋಲಿಂಗ್ ಮಟ್ಟಿಗೆ ವಸ್ತುವಿಗಿಂತ ಆಕಾರ ಹೆಚ್ಚು ಮುಖ್ಯ ಎಂದು ನನಗನಿಸುತ್ತದೆ. ಚಪ್ಪಟೆ ತಳದ್ದು ನಿಂತಾಗ ಅಲುಗದು, ಆಳವಿಲ್ಲದಲ್ಲಿಗೆ ಹೋಗುತ್ತದೆ. ವಿ ಆಕಾರದ ತಳದ್ದು ಅಲೆಯನ್ನು ಸೀಳಿ ನೇರವಾಗಿ ನಡೆಯುತ್ತದೆ.

ರಿವೆಟ್ ಹೊಡೆದ ಅಲ್ಯೂಮಿನಿಯಂ ದೋಣಿ ವೆಲ್ಡ್ ಮಾಡಿದ್ದಕ್ಕಿಂತ ಅಗ್ಗ, ಆದರೆ ವರ್ಷಗಳ ಕುಲುಕಾಟಕ್ಕೆ ರಿವೆಟ್ಟುಗಳು ಸಡಿಲಗೊಂಡು ಜಿನುಗುತ್ತವೆ. ದೋಣಿ ಟ್ರೇಲರಿನ ಮೇಲಿರುವಾಗಲೇ ಒಳಗೆ ಕೆಲವೇ ಸೆಂಟಿಮೀಟರ್ ನೀರು ನಿಲ್ಲಿಸಿ, ಹೊರಗೆ ಎಲ್ಲಿ ಹನಿಯುತ್ತದೆಂದು ಗುರುತು ಹಾಕಿಕೊಂಡರೆ ಸೋರುವ ಜಾಗ ತಪ್ಪದೆ ಸಿಗುತ್ತದೆ. ಅಲ್ಯೂಮಿನಿಯಂಗೆ ತಾಮ್ರ ಬೆರೆತ ಬಣ್ಣ ಬಳಿಯಬಾರದು, ತಾಮ್ರದ ಲವಣಗಳಲ್ಲಿ ಸಂಸ್ಕರಿಸಿದ ಮರವನ್ನು ಅದಕ್ಕೆ ತಾಗಿಸಬಾರದು. ತೇವವಿದ್ದಲ್ಲಿ ಎರಡು ಲೋಹಗಳ ನಡುವೆ ಕರೆಂಟು ಹರಿದು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಫೈಬರ್ ದೋಣಿಗೆ ಅಪಾಯ ಬರುವುದು ಸ್ಕ್ರೂ ತೂತುಗಳಿಂದ. ಸೀಲಂಟ್ ಇಲ್ಲದ ತೂತಿನಿಂದ ಒಳಗಿನ ಮರಕ್ಕೆ ನೀರಿಳಿದರೆ ಟ್ರಾನ್ಸಮ್ ಒಳಗೊಳಗೇ ಕೊಳೆಯುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂಕು ಸದ್ದು ಬಂದ ಕಡೆ ಸಂಶಯಪಡಬೇಕು.

ಎಂಜಿನ್ನಿನ ಲೋಹವನ್ನು ಉಳಿಸಲು ತಾನೇ ಸವೆಯುವ ಆನೋಡ್ ತುಂಡುಗಳಲ್ಲಿ ಸತುವಿನದು ಉಪ್ಪುನೀರಿಗೆ ಸರಿ. ಸಿಹಿನೀರಿನಲ್ಲಿ ಅದರ ಮೇಲೆ ಪದರ ಕಟ್ಟಿ ಕೆಲಸ ನಿಲ್ಲುತ್ತದೆ. ಕೇವಲ ಸಿಹಿನೀರಿನಲ್ಲಿ ಓಡುವ ದೋಣಿಗೆ ಮೆಗ್ನೀಷಿಯಂ, ಎರಡೂ ಕಡೆ ಓಡುವುದಕ್ಕೆ ಅಲ್ಯೂಮಿನಿಯಂ ಆನೋಡ್ ಹಾಕಬೇಕು. ಅರ್ಧ ಸವೆದಾಗ ಬದಲಿಸಬೇಕು, ಅದರ ಮೇಲೆ ಬಣ್ಣ ಬಳಿಯಬಾರದು.

ನೀರಿನಿಂದ ಹೊರಬಂದ ಮೇಲೆ

ದೂರದ ಪ್ರಯಾಣದಿಂದ ಕಾದ ಟ್ರೇಲರ್ ಚಕ್ರಗಳನ್ನು ಬಂದ ಕೂಡಲೇ ತಣ್ಣೀರಿಗಿಳಿಸಿದರೆ, ಚಕ್ರದ ನಡುಭಾಗವಾದ ಹಬ್‌ನ ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಹಬ್ ಅನ್ನು ಮುಟ್ಟಿ ನೋಡಿ, ತಣಿಯುವವರೆಗೆ ಕಾದು ಇಳಿಸಿ. ಆ ಹೊತ್ತಿನಲ್ಲಿ ತಳದ ಬಿರಡೆ ಹಾಕಿದೆಯೇ ಎಂದು ನೋಡಿಕೊಳ್ಳಬಹುದು.

ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವವರು ತೊಳೆಯುವ ಬಗೆಯನ್ನೂ ಆರಿಸಬೇಕಾಗುತ್ತದೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪಿಜೀವಿ 1988ರಲ್ಲಿ ಉತ್ತರ ಅಮೆರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಅದು ಹೊಸ ಹೊಸ ಸರೋವರಗಳಿಗೆ ಹರಡಿದ್ದರಲ್ಲಿ ಟ್ರೇಲರಿನ ಮೇಲೆ ಸಾಗುವ ದೋಣಿಗಳ ಪಾತ್ರ ದೊಡ್ಡದು. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವಾದ್ದರಿಂದ ಒರೆಸಿದರೆ ಸಾಲದು. ಸಮಯವಿದ್ದರೆ ತಳದ ನೀರನ್ನೂ ಮೀನಿನ ತೊಟ್ಟಿಯ ನೀರನ್ನೂ ಅಲ್ಲಿಯೇ ಬಸಿದು, ಕಳೆಯನ್ನು ಕಿತ್ತು, ಐದು ದಿನವಾದರೂ ಬಿಸಿಲಿನಲ್ಲಿ ಒಣಗಿಸುವುದು ಅಗ್ಗದ ದಾರಿ. ಮರುದಿನವೇ ಬೇರೆ ನೀರಿಗೆ ಇಳಿಯುವುದಿದ್ದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಿಂದ ತೊಳೆಯಬೇಕು. ಆಮೇಲೆ ಬಿರಡೆ ತೆಗೆದು, ಮೂತಿಯನ್ನು ಎತ್ತರಿಸಿ, ಎಂಜಿನ್ನನ್ನು ನೆಟ್ಟಗೆ ಇಳಿಸಿ ಒಳಗಿನ ನೀರು ಪೂರ್ತಿ ಬಸಿಯಲು ಬಿಡಿ. ಹೊದಿಕೆಯನ್ನು ಗಾಳಿಯಾಡುವಂತೆ ಕಟ್ಟಿ.